ಫೆನ್‌ವೇ ಪಾರ್ಕ್‌ಗೆ ಮ್ಯಾಚ್ ನೋಡೋಕೆ ಹೋಗ್ತಿದ್ದೀರಾ? ಮೊದ್ಲು ಕಂಬ ಎಲ್ಲಿದೆ ನೋಡ್ಕೊಳ್ಳಿ

ಬಾಸ್ಟನ್ ಕಡೆ ಹೋಗೋರು ಬಹಳ ಜನ ಕೇಳ್ತಾರೆ, ಬೇಸ್‌ಬಾಲ್ ತಲೆಬುಡ ಗೊತ್ತಿಲ್ಲ, ಆದ್ರೂ ಫೆನ್‌ವೇ ಪಾರ್ಕ್‌ಗೆ ಹೋಗ್ಬಹುದಾ ಅಂತ. ಧಾರಾಳವಾಗಿ ಹೋಗಿ. ಆಟ ಅರ್ಥ ಆಗ್ದೇ ಇದ್ರೂ ಕಟ್ಟಡ ಅರ್ಥ ಆಗತ್ತೆ, ಕಟ್ಟಡ ಅರ್ಥ ಆದ್ರೆ ಆಟಾನೂ ಅರ್ಧ ಅರ್ಥ ಆದಂಗೆ, ಯಾಕಂದ್ರೆ ಇಲ್ಲಿ ಚೆಂಡು ಎಲ್ಲಿ ಬಿತ್ತು ಅನ್ನೋದಕ್ಕಿಂತ ಯಾವ ಗೋಡೆಗೆ ಬಡೀತು ಅನ್ನೋದೇ ದೊಡ್ಡ ವಿಷಯ. ಬಾಸ್ಟನ್ ರೆಡ್ ಸಾಕ್ಸ್ ತಂಡದ ತವರು ಇದು, 1912ರ ಏಪ್ರಿಲ್ 20ಕ್ಕೆ ಶುರುವಾದ ಮೈದಾನ, ಟೈಟಾನಿಕ್ ಮುಳುಗಿ ಐದೇ ದಿನ ಆಗಿತ್ತು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಮ್ಯಾಚ್ ಈಗ್ಲೂ ನಡೀತಿರೋ ಮೈದಾನಗಳಲ್ಲಿ ಇದಕ್ಕಿಂತ ಹಳೇದು ಇನ್ನೊಂದಿಲ್ಲ. ಹಳೇದು ಅಂದ್ಮೇಲೆ ಹಳೇದರ ತಾಪತ್ರಯಾನೂ ಜೊತೇಲೇ ಬರತ್ತೆ, ಅದನ್ನ ಮೊದ್ಲೇ ತಿಳ್ಕೊಂಡು ಹೋದ್ರೆ ಮಜಾ, ತಿಳೀದೆ ಹೋದ್ರೆ ಮೂರು ಗಂಟೆ ಕಂಬ ನೋಡ್ಕೊಂಡು ಬರ್ತೀರಿ.

ಕಂಬ ಅಂದಿದ್ದು ತಮಾಷೆಗಲ್ಲ. ಟಿಕೆಟ್ ತಗೊಳೋವಾಗ ರೇಟ್ ನೋಡೋಕ್ ಮುಂಚೆ ಸೆಕ್ಷನ್ ನಂಬರ್ ನೋಡಿ, ನಾನು ಹೇಳೋದ್ರಲ್ಲಿ ಇದೊಂದು ನೆನಪಿಟ್ಕೊಂಡ್ರೂ ಸಾಕು. ಗ್ರ್ಯಾಂಡ್‌ಸ್ಟ್ಯಾಂಡ್ ಅಂತ ಕರೆಯೋ ಭಾಗಕ್ಕೆ ಮೇಲೆ ಚಾವಣಿ ಇದೆ, ಆ ಚಾವಣಿ ನಿಂತಿರೋದು ಕಬ್ಬಿಣದ ಕಂಬಗಳ ಮೇಲೆ, ಆ ಕಂಬಗಳು ನಿಂತಿರೋದು ಸೀಟುಗಳ ನಡುವೆ. ನಿಮ್ಮ ಗ್ರಹಚಾರ ಸರಿ ಇಲ್ಲ ಅಂದ್ರೆ ಚೆಂಡು ಎಸೆಯೋ ಪಿಚರ್ ಕಾಣಿಸ್ತಾನೆ ಬ್ಯಾಟರ್ ಕಾಣಲ್ಲ, ಇಲ್ಲಾ ಬ್ಯಾಟರ್ ಕಾಣಿಸ್ತಾನೆ ಪಿಚರ್ ಕಾಣಲ್ಲ. ಕಂಬದ ಹಿಂದಿನ ಸಾಲುಗಳಲ್ಲಿ ಒಂದು ನೋಟ ಇದೆ, ಪಿಚರ್ ಕೈ ಎತ್ತಿದ ತಕ್ಷಣ ನಾಲ್ಕೈದು ತಲೆ ಒಟ್ಟಿಗೆ ಎಡಕ್ಕೆ ವಾಲತ್ತೆ, ಚೆಂಡು ಹೊಡೆದ ಮೇಲೆ ಒಟ್ಟಿಗೆ ಬಲಕ್ಕೆ ವಾಲತ್ತೆ, ಯಾರೂ ಯಾರಿಗೂ ಹೇಳ್ಕೊಟ್ಟಿರಲ್ಲ. ಟಿಕೆಟ್ ಮಾರೋವಾಗ ನೋಟಕ್ಕೆ ಅಡ್ಡ ಇದೆ ಅಂತ ಬರೆದಿರ್ತಾರೆ, ಸಣ್ಣ ಅಕ್ಷರದಲ್ಲಿರತ್ತೆ, ಅದನ್ನ ಓದಿ. ಸೆಕ್ಷನ್, ಸಾಲು, ಸೀಟ್ ನಂಬರ್ ಹಾಕಿ ಹುಡುಕಿದ್ರೆ ಅಲ್ಲಿ ಕೂತೋರು ತೆಗೆದ ಫೋಟೋನೇ ಸಿಗತ್ತೆ, ದುಡ್ಡು ಕಟ್ಟೋಕ್ ಮುಂಚೆ ಎರಡು ನಿಮಿಷ ಅದಕ್ಕೆ ಕೊಡಿ.

ಇನ್ನೊಂದು, ಬ್ಯಾಟರ್‌ಗೆ ಬಲಗಡೆ ಬರೋ ರೈಟ್ ಫೀಲ್ಡ್ ಕಡೆ ಗ್ರ್ಯಾಂಡ್‌ಸ್ಟ್ಯಾಂಡ್, ಅಂದ್ರೆ 1ರಿಂದ ಸುಮಾರು 9ರವರೆಗಿನ ಸೆಕ್ಷನ್‌ಗಳು, ಅಲ್ಲಿ ಸೀಟುಗಳ ಮುಖ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಕಡೆಗೇ ಇಲ್ಲ. ನೇರ ಕೂತ್ರೆ ನಿಮಗೆ ಕಾಣೋದು ಮೈದಾನದ ಆ ಕಡೆ ಗೋಡೆ, ಆಟ ನೋಡ್ಬೇಕು ಅಂದ್ರೆ ಕತ್ತು ತಿರುಗಿಸ್ಕೊಂಡೇ ಇರ್ಬೇಕು. ಮರುದಿನ ಕತ್ತು ನೋವು ಬರತ್ತೆ, ಇದನ್ನ ಹೊಗಳಿಕೆ ಥರ ಹೇಳ್ಕೊಳೋ ಫ್ಯಾನ್‌ಗಳೂ ಇದಾರೆ, ನನಗೇನೋ ಅದು ಹೆಮ್ಮೆ ವಿಷಯ ಅನ್ಸಲ್ಲ. ಗ್ರ್ಯಾಂಡ್‌ಸ್ಟ್ಯಾಂಡ್‌ನ ನೀಲಿ ಮರದ ಸೀಟುಗಳು 1934ರ ಕಾಲದ್ದು, ಅಗಲ ಬರೀ 15 ಇಂಚು ಹತ್ರ, ಆ ಕಾಲದ ಜನ ಸಣ್ಣಗಿದ್ರು ಅಂತ ಕಾಣತ್ತೆ, ಈಗಿನ ಮೊಣಕಾಲಿಗೆ ಅಲ್ಲಿ ಜಾಗ ಇಲ್ಲ. ಎತ್ತರದೋರು, ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಸಾಲಿನ ತುದಿ ಸೀಟ್ ತಗೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ ಅನ್ನೋರಿಗೆ ಗ್ರ್ಯಾಂಡ್‌ಸ್ಟ್ಯಾಂಡ್ ಮುಂದೆ ಇರೋ ಲೋಜ್ ಬಾಕ್ಸ್, ಫೀಲ್ಡ್ ಬಾಕ್ಸ್ ಸೀಟು ಒಳ್ಳೇದು, ಕಂಬದ ತಲೆನೋವಿಲ್ಲ. ಮಕ್ಕಳಿದ್ರೆ, ಪಕ್ಕದಲ್ಲಿ ಬಿಯರ್ ಚೆಲ್ಲೋ ಗಲಾಟೆ ಬೇಡ ಅಂದ್ರೆ, ಲೆಫ್ಟ್ ಫೀಲ್ಡ್ ಮೂಲೇಲಿ 32, 33ನೇ ಸೆಕ್ಷನ್ ನೋಡಿ, ಅಲ್ಲಿ ಕುಡಿಯೋ ಹಂಗಿಲ್ಲ. ಮಧ್ಯಾಹ್ನದ ಮ್ಯಾಚ್ ಆದ್ರೆ ಬ್ಲೀಚರ್ಸ್‌ನಲ್ಲಿ, ಅಂದ್ರೆ ಹೋಮ್ ಪ್ಲೇಟ್ ಎದುರುಗಡೆ ದೂರದ ಸೀಟುಗಳಲ್ಲಿ, ತಲೆ ಮೇಲೆ ಏನೂ ಇಲ್ಲ, ಸಾಯಂಕಾಲ ಸೂರ್ಯ ಕಣ್ಣಿಗೇ ಹೊಡೀತಾನೆ, ಟೋಪಿ ಬೇಕು. ಬ್ಯಾಟರ್‌ಗೆ ಎಡಗಡೆ ಬರೋ ಥರ್ಡ್ ಬೇಸ್ ಕಡೆ ನೆರಳು ಬೇಗ ಬರತ್ತೆ.

ರೇಟ್ ವಿಷಯಕ್ಕೆ ಬಂದ್ರೆ, ಒಂದೇ ಸೀಟಿಗೆ ಒಂದೊಂದು ದಿನ ಒಂದೊಂದು ಬೆಲೆ. ಹಳೇ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಬಂದ್ರೆ ಮುಟ್ಟೋಕಾಗಲ್ಲ. ಏಪ್ರಿಲ್, ಮೇ ತಿಂಗಳ ವಾರದ ಮಧ್ಯದ ರಾತ್ರಿಗಳು ಅಗ್ಗ, ಆದ್ರೆ ಆ ಚಳಿ ನಿಜವಾದ ಚಳಿ, ಹಗಲು ಬಿಸಿಲಿತ್ತು ಅಂತ ಟೀ ಶರ್ಟ್‌ನಲ್ಲಿ ಹೋದ್ರೆ ಒಂಬತ್ತು ಇನ್ನಿಂಗ್ಸ್‌ನಲ್ಲಿ ಐದನೇದಕ್ಕೇ ನಡುಕ ಶುರು. ಏಪ್ರಿಲ್ ಮೂರನೇ ಸೋಮವಾರ ಪೇಟ್ರಿಯಟ್ಸ್ ಡೇ ಅನ್ನೋ ಅಲ್ಲಿನ ರಜೆ, ಅವತ್ತು ಮ್ಯಾಚ್ ಬೆಳಗ್ಗೆ 11 ಗಂಟೆ ಸುಮಾರಿಗೇ ಶುರು, ಅದೇ ದಿನ ಬಾಸ್ಟನ್ ಮ್ಯಾರಥಾನ್ ಓಟಗಾರರು ಮೈದಾನದ ಹತ್ರದ ಕೆನ್ಮೋರ್ ಸ್ಕ್ವೇರ್ ಮೇಲೇ ಹೋಗ್ತಾರೆ, ಎರಡೂ ನೋಡ್ಬಹುದು, ರಸ್ತೆ ದಾಟೋದು ಮಾತ್ರ ನಿಮ್ಮ ಪುಣ್ಯ.

ಈಗ ಗೋಡೆ ವಿಷಯ. ಲೆಫ್ಟ್ ಫೀಲ್ಡ್‌ನಲ್ಲಿ ಕಾಣೋ ದೊಡ್ಡ ಹಸಿರು ಗೋಡೆ, ಗ್ರೀನ್ ಮಾನ್‌ಸ್ಟರ್, ಎತ್ತರ 37 ಅಡಿ 2 ಇಂಚು. ಸುಮ್ಮನೆ ದೊಡ್ಡದಾಗಿ ಕಟ್ಟಿದ್ದಲ್ಲ ಅದು. ಈ ಮೈದಾನ ಸಿಕ್ಕಿದ ಜಾಗದಲ್ಲಿ ಹೊಂದಿಸಿದ್ದು, ಆ ಕಡೆ ಲ್ಯಾನ್ಸ್‌ಡೌನ್ ಸ್ಟ್ರೀಟ್ ಅಡ್ಡ ಬಂದು ಲೆಫ್ಟ್ ಫೀಲ್ಡ್ ಮೊಟಕಾಯ್ತು, ಹೋಮ್ ಪ್ಲೇಟ್‌ನಿಂದ ಗೋಡೆಗೆ ಬರೀ 310 ಅಡಿ. ಸೆಂಟರ್ ಫೀಲ್ಡ್ ಮೂಲೆ ನೋಡಿದ್ರೆ 420 ಅಡಿ, ರೈಟ್ ಫೀಲ್ಡ್‌ನ ಗಡಿ ಕಂಬಕ್ಕೆ 302. ಕ್ರಿಕೆಟ್‌ನಲ್ಲಿ ಒಂದು ಕಡೆ ಬೌಂಡರಿ ಚಿಕ್ಕದಿದ್ರೆ ಕಾಮೆಂಟರಿಯೋರು ದಿನವಿಡೀ ಅದನ್ನೇ ಹೇಳ್ತಾರಲ್ಲ, ಇಲ್ಲಿ ಚಿಕ್ಕ ಬೌಂಡರಿ ಮೇಲೆ ನಾಲ್ಕು ಮಹಡಿ ಗೋಡೆ ಎಬ್ಬಿಸಿದಾರೆ ಅನ್ಕೊಳ್ಳಿ. ಅದರಿಂದ ಆಗೋದು ಏನಂದ್ರೆ, ಬೇರೆ ಊರಲ್ಲಿ ಸುಲಭವಾಗಿ ಕ್ಯಾಚ್ ಆಗೋ ಎತ್ತರದ ಹೊಡೆತ ಇಲ್ಲಿ ಗೋಡೆ ಸವರಿ ಡಬಲ್, ಅಂದ್ರೆ ಎರಡು ಬೇಸ್ ಓಡೋ ಹೊಡೆತ, ಆಗತ್ತೆ, ಬೇರೆ ಕಡೆ ನಮ್ಮ ಸಿಕ್ಸರ್ ಥರದ ಹೋಮ್ ರನ್ ಆಗ್ಬೇಕಿದ್ದ ನೇರ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸ್ ಬಂದು ಒಂದೇ ಬೇಸ್‌ನ ಸಿಂಗಲ್ ಆಗ್ಬಹುದು. ಹಾಗಾಗಿ ಚೆಂಡು ಆ ಕಡೆ ಹೋದಾಗ ಚೆಂಡನ್ನ ನೋಡ್ಬೇಡಿ, ಲೆಫ್ಟ್ ಫೀಲ್ಡರ್‌ನ ನೋಡಿ. ಅವನು ಗೋಡೆ ಕಡೆ ಮುಖ ತಿರುಗಿಸಿ ನಿಂತ ಅಂದ್ರೆ ಚೆಂಡು ಗೋಡೆಗೆ ಬಡಿದು ಬರೋದಕ್ಕೆ ಕಾಯ್ತಿದಾನೆ, ಎಲ್ಲಿಗೆ ಪುಟಿದು ಬರತ್ತೆ ಅಂತ ಅವನಿಗೆ ಗೊತ್ತು. ರೆಡ್ ಸಾಕ್ಸ್‌ನ ಹಳೇ ಲೆಫ್ಟ್ ಫೀಲ್ಡರ್ ಕಾರ್ಲ್ ಯಸ್ಟ್ರೆಮ್ಸ್ಕಿ ಈ ವಿದ್ಯೇಲಿ ಹೆಸರು ಮಾಡಿದ್ದ, ಹಳೇ ಫ್ಯಾನ್‌ಗಳು ಈಗ್ಲೂ ಹೊಸ ಹುಡುಗರನ್ನ ಅವನ ಜೊತೆ ಅಳೆದು ನೋಡ್ತಾರೆ.

ಗೋಡೆಯ ಕೆಳಭಾಗದಲ್ಲಿರೋ ಸ್ಕೋರ್‌ಬೋರ್ಡ್ ಕೈಯಿಂದ ನಡಿಯೋದು, 1934ರಿಂದ. ಗೋಡೆ ಒಳಗೆ ಇಕ್ಕಟ್ಟಾದ ಜಾಗದಲ್ಲಿ ಜನ ಕೂತಿರ್ತಾರೆ, ರನ್ ಬಂದಾಗ ಅಂಕಿ ಬರೆದ ತಗಡು ಎತ್ತಿ ಸಿಕ್ಕಿಸ್ತಾರೆ, ರನ್ ಮತ್ತು ಹಿಟ್‌ಗಳ ಅಂಕಿಗಳು 16 ಇಂಚು ಉದ್ದ ಅಗಲ, ಒಂದೊಂದು ಮೂರು ಪೌಂಡ್ ತೂಕ. ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ, ಬೋರ್ಡ್‌ನ ಸಣ್ಣ ಕಿಂಡಿಗಳಲ್ಲಿ ಅವಾಗಾವಾಗ ಒಂದು ಜೊತೆ ಕಣ್ಣು ಕಾಣಿಸತ್ತೆ, ಅವರೂ ಆಟ ನೋಡ್ತಾ ಇರ್ತಾರೆ, ನಮಗಿಂತ ಹತ್ತಿರದಿಂದ. ಬೋರ್ಡ್ ಮೇಲೆ ಬಿಳಿ ಪಟ್ಟಿಗಳಲ್ಲಿ ಚುಕ್ಕಿ ಗೆರೆ ಥರ ಇರೋದು ಅಲಂಕಾರ ಅಲ್ಲ, ಮೋರ್ಸ್ ಕೋಡ್, ಹಳೇ ಮಾಲೀಕ ಟಾಮ್ ಯಾಕಿ ಮತ್ತು ಅವನ ಹೆಂಡತಿ ಜೀನ್ ಇಬ್ಬರ ಹೆಸರಿನ ಮೊದಲಕ್ಷರಗಳು. ಗೋಡೆಗೆ ಒಂದು ಏಣಿ ಅಂಟ್ಕೊಂಡಿದೆ ನೋಡಿ, ಮೊದ್ಲು ಮೇಲ್ಗಡೆ ಬಲೆ ಇತ್ತು, ಅದ್ರಲ್ಲಿ ಬಿದ್ದ ಚೆಂಡು ತರೋಕೆ ಏಣಿ ಬೇಕಾಗಿತ್ತು. 2003ರಲ್ಲಿ ಬಲೆ ತೆಗೆದು ಅಲ್ಲೇ ಸೀಟು ಹಾಕಿದ್ರು, ಏಣಿ ಮಾತ್ರ ಹಂಗೇ ಉಳೀತು. ಆ ಮಾನ್‌ಸ್ಟರ್ ಸೀಟುಗಳು ಮುನ್ನೂರಕ್ಕೂ ಕಮ್ಮಿ, ಸುಲಭಕ್ಕೆ ಸಿಗಲ್ಲ, ಸಿಕ್ರೂ ಬೆಲೆ ಕೇಳಿ ಸುಮ್ಮನಾಗ್ತೀರಿ. ಮೇಲೆ ನಿಂತು ನೋಡೋ ಟಿಕೆಟ್ ಕೂಡ ಮಾರ್ತಾರೆ, ಕಾಲಲ್ಲಿ ಶಕ್ತಿ ಇದ್ದೋರಿಗೆ ಅದು ಲಾಭದ ದಾರಿ.

ಮೈದಾನ ಒಳಗೆ ಹೋದ ತಕ್ಷಣ ಸೀಟಿಗೆ ಓಡ್ಬೇಡಿ. ಗೇಟು ಆಟಕ್ಕೆ ಒಂದೂವರೆ ಗಂಟೆ ಮುಂಚೆ ತೆಗೀತಾರೆ, ಆ ಹೊತ್ತಿಗೆ ಹೋದ್ರೆ ಜನ ಕಮ್ಮಿ, ಸುತ್ತಾಡ್ಬಹುದು. ಬ್ಲೀಚರ್ಸ್‌ಗೆ ಹೋಗಿ 42ನೇ ಸೆಕ್ಷನ್, 37ನೇ ಸಾಲು, 21ನೇ ಸೀಟು ಹುಡುಕಿ, ಹಸಿರು ಸೀಟುಗಳ ಮಧ್ಯೆ ಅದೊಂದೇ ಕೆಂಪು. 1946ರ ಜೂನ್ 9ಕ್ಕೆ ರೆಡ್ ಸಾಕ್ಸ್ ಬ್ಯಾಟರ್ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿ ಹೋಮ್ ರನ್ ಬಿದ್ದಿದ್ದು ಅಲ್ಲಿ, ಅಲ್ಲಿ ಕೂತಿದ್ದ ಮನುಷ್ಯನ ಹುಲ್ಲಿನ ಟೋಪಿ ತೂತಾಯ್ತು. ಅಲ್ಲಿ ನಿಂತ್ಕೊಂಡು ಹೋಮ್ ಪ್ಲೇಟ್ ಕಡೆ ಒಮ್ಮೆ ನೋಡಿ, ಅಷ್ಟು ದೂರ ಚೆಂಡು ಬಂತು ಅಂದ್ರೆ ನಂಬೋಕಾಗಲ್ಲ, ಆಮೇಲೆ ಬಂದ ದೊಡ್ಡ ದೊಡ್ಡ ಬ್ಯಾಟರ್‌ಗಳೇ ನಂಬಿಲ್ಲ. ರೈಟ್ ಫೀಲ್ಡ್‌ನ ಹಳದಿ ಕಂಬ ಪೆಸ್ಕೀಸ್ ಪೋಲ್, ಹಳೇ ಆಟಗಾರ ಜಾನಿ ಪೆಸ್ಕಿ ಹೆಸರಲ್ಲಿದೆ, ಪಾಪ ಆ ಮನುಷ್ಯ ಇಡೀ ಜೀವನದಲ್ಲಿ ಹೊಡೆದಿದ್ದೇ 17 ಹೋಮ್ ರನ್. ಕಂಬದ ತುಂಬಾ ಫ್ಯಾನ್‌ಗಳ ಸಹಿ. ಎದುರು ಲೆಫ್ಟ್ ಫೀಲ್ಡ್ ಕಂಬ ಫಿಸ್ಕ್ ಪೋಲ್, 1975ರ ವರ್ಲ್ಡ್ ಸೀರೀಸ್, ಅಂದ್ರೆ ಲೀಗ್‌ನ ಫೈನಲ್ ಸರಣಿಯ, ಆರನೇ ಮ್ಯಾಚ್‌ನಲ್ಲಿ ರೆಡ್ ಸಾಕ್ಸ್‌ನ ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ತಗುಲಿದ್ದು ಅದಕ್ಕೆ.

ಹೋಗೋ ದಾರಿ. ಕಾರ್ ಬೇಡ, ಖಂಡಿತಾ ಬೇಡ, ಪಾರ್ಕಿಂಗ್ ದುಡ್ಡು ಟಿಕೆಟ್ ದುಡ್ಡನ್ನ ಮೀರಿಸೋದೂ ಉಂಟು. ಗ್ರೀನ್ ಲೈನ್ ಟ್ರಾಮ್ ಹತ್ತಿ ಕೆನ್ಮೋರ್‌ನಲ್ಲಿ ಇಳೀರಿ, ಬಿ, ಸಿ, ಡಿ ಯಾವುದಾದ್ರೂ ಸರಿ, ಇ ಮಾತ್ರ ಹತ್ತಬೇಡಿ, ಅದು ಕಾಪ್ಲಿ ದಾಟಿ ಬೇರೆ ಕಡೆ ತಿರುಗತ್ತೆ. ಫೆನ್‌ವೇ ಅಂತಲೇ ಹೆಸರಿರೋ ಸ್ಟಾಪ್ ಡಿ ಲೈನ್‌ನಲ್ಲಿ ಇದೆ, ಅಲ್ಲಿಂದಲೂ ನಡೀಬಹುದು, ಆದ್ರೆ ಕೆನ್ಮೋರ್ ಕಡೆಯಿಂದ ಬರೋದೇ ಚೆಂದ. ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ತಲೆ ಮೇಲೆ ಸಿಟ್ಗೋ ಅನ್ನೋ ಪೆಟ್ರೋಲ್ ಕಂಪನಿ ಬೋರ್ಡು, ಬ್ರುಕ್‌ಲೈನ್ ಅವೆನ್ಯೂ ಹಿಡಿದು ಹೈವೇ ಮೇಲಿನ ಸೇತುವೆ ದಾಟಿದ್ರೆ ಎಡಕ್ಕೆ ಲ್ಯಾನ್ಸ್‌ಡೌನ್ ಸ್ಟ್ರೀಟ್, ಗೋಡೆಯ ಬೆನ್ನು ಅದು. ಸಾಸೇಜ್ ಮಾರೋರ ಹೊಗೆ, ಈರುಳ್ಳಿ ಬಾಡೋ ವಾಸನೆ, ಮಾಂಸ ತಿನ್ನೋರು ಇಲ್ಲೇ ತಿಂದು ಹೋಗಿ, ಒಳಗಿನ ಫೆನ್‌ವೇ ಫ್ರ್ಯಾಂಕ್ ಅನ್ನೋ ಹಾಟ್‌ಡಾಗ್ ಹೆಸರುವಾಸಿ ಅಷ್ಟೇ, ರುಚಿ ಹೊರಗಿನದೇ ಮೇಲು ಅಂತ ನನ್ನ ಅಭಿಪ್ರಾಯ. ವೆಜ್ ಜನಕ್ಕೆ ಕಡ್ಲೆಕಾಯಿ, ಪ್ರೆಟ್ಜೆಲ್, ಪಿಜ್ಜಾ, ಫ್ರೆಂಚ್ ಫ್ರೈಸ್, ಇಂಥದ್ದು ಸಿಗತ್ತೆ. ಬ್ಯಾಕ್‌ಪ್ಯಾಕ್ ಒಳಗೆ ಬಿಡಲ್ಲ, ಹೋಟೆಲ್‌ನಲ್ಲೇ ಬಿಟ್ಟು ಬನ್ನಿ. ಟಿಕೆಟ್ ಫೋನಲ್ಲೇ ಇರತ್ತೆ, ಗೇಟ್ ಹತ್ರ ಸಾವಿರಾರು ಜನ ಒಟ್ಟಿಗೆ ಫೋನ್ ಒತ್ತೋವಾಗ ನೆಟ್‌ವರ್ಕ್ ಕೈಕೊಡತ್ತೆ, ಮೊದ್ಲೇ ಫೋನಿನ ವಾಲೆಟ್ ಆ್ಯಪ್‌ಗೆ ಹಾಕಿಟ್ಕೊಳ್ಳಿ, ಚಾರ್ಜ್ ನೋಡ್ಕೊಳ್ಳಿ, ಕಾರ್ಡ್ ಇಟ್ಕೊಳ್ಳಿ.

ಆಟ ಶುರುವಾದ ಮೇಲೆ ಸುಮಾರು ಎರಡೂ ಮುಕ್ಕಾಲು ಗಂಟೆ, 2023ರಲ್ಲಿ ಪಿಚ್ ಕ್ಲಾಕ್, ಅಂದ್ರೆ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೀಬೇಕು ಅನ್ನೋ ಗಡಿಯಾರ, ಬಂದ ಮೇಲೆ ಮೊದಲಿನಷ್ಟು ಎಳೆಯಲ್ಲ. ಸೀಟಿಂದ ಎದ್ದು ಹೋಗೋದಿದ್ರೆ ಇನ್ನಿಂಗ್ಸ್ ಮಧ್ಯದ ಬ್ರೇಕ್‌ನಲ್ಲಿ ಹೋಗಿ, ಬ್ಯಾಟರ್ ನಿಂತಿರೋವಾಗ ಎದ್ರೆ ಹಿಂದಿನೋರು ಬೈತಾರೆ, ಬಾಸ್ಟನ್‌ನೋರು ಬೈಯೋದ್ರಲ್ಲಿ ಜಿಪುಣರಲ್ಲ. ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಸ್ಕೋರ್‌ಕಾರ್ಡ್ ತುಂಬಿಸ್ತಿರೋ ವಯಸ್ಸಾದೋರು ಯಾರಾದ್ರೂ ಸಿಕ್ರೆ ನಿಮ್ಮ ಅದೃಷ್ಟ, ಆಟ ಗೊತ್ತಿಲ್ಲ ಸ್ವಲ್ಪ ಹೇಳಿ ಅಂತ ಕೇಳಿ ನೋಡಿ, ಆ ಕಾಲದ ದೊಡ್ಡ ಆಟಗಾರ ಬೇಬ್ ರೂತ್‌ನ ಯಾಂಕೀಸ್‌ಗೆ ಮಾರಿದ್ದು, 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದೋರು ಮತ್ತೆ ಗೆಲ್ಲೋಕೆ 2004ರವರೆಗೆ 86 ವರ್ಷ ಕಾದಿದ್ದು, ಅಪ್ಪ ನೋಡ್ದೇ ಹೋದ ಗೆಲುವನ್ನ ತಾನು ನೋಡಿದ್ದು, ಎಲ್ಲಾ ಬರತ್ತೆ, ಮಧ್ಯೆ ಮಧ್ಯೆ ಕೈ ಮಾತ್ರ ಪಟ್ಟಿ ತುಂಬಿಸ್ತಾನೇ ಇರತ್ತೆ. ಎಂಟನೇ ಇನ್ನಿಂಗ್ಸ್ ಮಧ್ಯದಲ್ಲಿ ನೀಲ್ ಡೈಮಂಡ್‌ನ ಸ್ವೀಟ್ ಕ್ಯಾರೊಲೈನ್ ಹಾಡು ಹಾಕ್ತಾರೆ, 2002ರಿಂದ ಪ್ರತಿ ಮ್ಯಾಚ್‌ಗೂ, ಎಲ್ಲಾರೂ ಎದ್ದು ಕೂಗ್ತಾರೆ. ಹಳೇ ಫ್ಯಾನ್‌ಗಳಲ್ಲಿ ಒಂದು ಗುಂಪಿಗೆ ಇದು ಕಂಡ್ರೆ ಆಗಲ್ಲ, ತಂಡ ಹತ್ತು ರನ್ ಹಿಂದಿದ್ರೂ ಹಾಡ್ಬೇಕಾ ಅಂತಾರೆ. ನೀವು ಅತಿಥಿ, ಹಾಡಿ.

ಆಟ ಮುಗಿದ ಮೇಲೆ ಕೆನ್ಮೋರ್‌ಗೆ ಹೋಗ್ಬೇಡಿ, ಪ್ಲಾಟ್‌ಫಾರ್ಮ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಕಾಮನ್‌ವೆಲ್ತ್ ಅವೆನ್ಯೂ ಮರಗಳ ಕೆಳಗೆ ನಡ್ಕೊಂಡು ಕಾಪ್ಲಿವರೆಗೆ ಹೋಗಿ, ಇಪ್ಪತ್ತೈದು ಮೂವತ್ತು ನಿಮಿಷ, ಅಲ್ಲಿ ಎಲ್ಲಾ ಗ್ರೀನ್ ಲೈನ್ ಗಾಡಿಗಳೂ ಬರ್ತವೆ.

ಟಿಕೆಟ್ಟೇ ಸಿಗ್ಲಿಲ್ಲ, ಇಲ್ಲಾ ನೀವು ಹೋದ ವಾರ ತಂಡ ಬೇರೆ ಊರಲ್ಲಿದೆ ಅಂದ್ರೂ ಸುಮ್ಮನೆ ವಾಪಸ್ ಬರ್ಬೇಡಿ. ಸುಮಾರು ಒಂದು ಗಂಟೆಯ ಟೂರ್ ಇದೆ, ಮಾನ್‌ಸ್ಟರ್ ಮೇಲೆ ಹತ್ತಿಸ್ತಾರೆ, ಆ ಸೀಟಲ್ಲಿ ದುಡ್ಡು ಸುರೀದೇ ಕೂರೋ ದಾರಿ ಅದೊಂದೇ. ಮ್ಯಾಚ್ ದಿನ ಟೂರ್ ಬೇಗ ಮುಗಿಸ್ತಾರೆ, ಬೆಳಗ್ಗೇನೇ ಹೋಗಿ. ಟೂರ್‌ಗೂ ಟೈಮಿಲ್ಲ ಅಂದ್ರೆ ಲ್ಯಾನ್ಸ್‌ಡೌನ್ ಸ್ಟ್ರೀಟ್‌ನಲ್ಲಿ ಬ್ಲೀಚರ್ ಬಾರ್ ಅಂತ ಇದೆ, ಸೆಂಟರ್ ಫೀಲ್ಡ್ ಸೀಟುಗಳ ಕೆಳಗೇ. ಅದರ ದೊಡ್ಡ ಕಿಟಕಿ ನೇರ ಮೈದಾನಕ್ಕೆ ತೆಗೆದಿದೆ, ಒಳಗೆ ಹೋಗೋಕೆ ಮ್ಯಾಚ್ ಟಿಕೆಟ್ ಬೇಡ. ಮ್ಯಾಚ್ ಹೊತ್ತಲ್ಲಿ ಆ ಕಿಟಕಿ ಪಕ್ಕದ ಟೇಬಲ್ಲಿಗೆ ಜನ ಕಾಯ್ತಾ ನಿಂತಿರ್ತಾರೆ, ಮಧ್ಯಾಹ್ನ ಖಾಲಿ ಹೊತ್ತಲ್ಲಿ ಹೋದ್ರೆ ಒಂದು ಜ್ಯೂಸ್ ತಗೊಂಡು ಆರಾಮಾಗಿ ಕೂತು ನೋಡ್ಬಹುದು.