ಊರಿನ ಬಾನುಲಿ ನಿಲಯದ ಚರಿತ್ರೆ ಬರೆಯುವ ಬಗೆ: ಮೈಸೂರನ್ನು ಮುಂದಿಟ್ಟುಕೊಂಡು

ಬಾನುಲಿ ನಿಲಯವೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ‘ನಿಲಯ’ ಎಂದರೆ ಯಾವುದು ಎಂಬುದನ್ನು. ಕಟ್ಟಡವೇ, ಟ್ರಾನ್ಸ್‌ಮಿಟರೇ, ಹೆಸರೇ, ಅಥವಾ ಅದನ್ನು ನಡೆಸಿದ ಆಡಳಿತವೇ? ಮೈಸೂರಿನಲ್ಲಿ ಈ ನಾಲ್ಕಕ್ಕೂ ಒಂದೇ ವಯಸ್ಸಿಲ್ಲ. ಆದುದರಿಂದ ನಾಲ್ಕು ಬೇರೆ ಬೇರೆ ಹಾಳೆಗಳನ್ನು ಇಟ್ಟುಕೊಂಡು, ಸಿಕ್ಕ ಪ್ರತಿಯೊಂದು ತಾರೀಖನ್ನೂ ಅದು ಸೇರಬೇಕಾದ ಹಾಳೆಯಲ್ಲಿ ಮಾತ್ರ ಬರೆಯುತ್ತ ಹೋಗುವುದು ಒಳ್ಳೆಯ ಕ್ರಮ.

ಉದಾಹರಣೆಗೆ, ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠಲ ವಿಹಾರ’ ಮನೆಯಿಂದ ಸಣ್ಣ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದ ದಿನವೆಂದು 1935ರ ಸೆಪ್ಟೆಂಬರ್ 10 ಪ್ರಸಿದ್ಧವಾಗಿದೆ. ಮುಂದೆ ನಿಲಯವು ಸಂಸ್ಥಾನದ ಸುಪರ್ದಿಗೆ ಹೋಗಿ, 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೊದಲ್ಲಿ ವಿಲೀನವಾಯಿತು; 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ತೆರೆದಾಗ ಮೈಸೂರಿನ ಧ್ವನಿ ಅಲ್ಲಿಗೆ ವರ್ಗವಾಯಿತು; ಮೈಸೂರಿಗೆ ತನ್ನದೇ ನಿಲಯ ಮರಳಿ ಬಂದದ್ದು 1974ರ ನವೆಂಬರ್ 14ರಂದು. ನಡುವಿನ ಈ ಹತ್ತೊಂಬತ್ತು ವರ್ಷಗಳನ್ನು ಅನೇಕರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ನಿಲಯವಿಲ್ಲದ ಊರಿನವರು ಯಾವ ನಿಲಯವನ್ನು ಕೇಳುತ್ತಿದ್ದರು, ಇಲ್ಲಿನ ಕಲಾವಿದರು ಹಾಡಲು ಎಲ್ಲಿಗೆ ಪ್ರಯಾಣ ಮಾಡಿದರು ಎಂಬ ಪ್ರಶ್ನೆಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು.

ಹೆಸರಿನ ಹಾಳೆ ಎಲ್ಲಕ್ಕಿಂತ ತಂಟೆಯದು. ಗೋಪಾಲಸ್ವಾಮಿಯವರ ನಿಲಯಕ್ಕೆ ‘ಆಕಾಶವಾಣಿ’ ಎಂಬ ಪದವನ್ನು ಸೂಚಿಸಿದವರು ಸಾಹಿತಿ ನಾ. ಕಸ್ತೂರಿಯವರೆಂದು ಕೆಲವರು, ಸ್ವತಃ ಗೋಪಾಲಸ್ವಾಮಿಯವರೆಂದು ಕೆಲವರು ಬರೆದಿದ್ದಾರೆ. ರವೀಂದ್ರನಾಥ ಠಾಕೂರರ ಹೆಸರೂ ಕೇಳಿಬರುತ್ತದೆ. ಆರಂಭದ ವರ್ಷವನ್ನು 1936 ಎಂದು ಕೊಡುವ ಬರಹಗಳೂ ಇವೆ. ಇಂಥಲ್ಲಿ ನಮಗೆ ಪ್ರಿಯವಾದುದನ್ನು ಆರಿಸಿ ಉಳಿದವನ್ನು ಅಳಿಸಬಾರದು. ಪ್ರತಿಯೊಂದು ಹೇಳಿಕೆಯ ಮುಂದೆ ಅದನ್ನು ಯಾರು, ಯಾವ ವರ್ಷ ಬರೆದರು ಎಂದು ಗುರುತಿಸಿದರೆ, ಒಬ್ಬರಿಂದೊಬ್ಬರು ನಕಲು ಮಾಡಿದ ಹತ್ತು ಲೇಖನಗಳು ಒಂದೇ ಸಾಕ್ಷ್ಯವೆಂಬುದು ತಾನಾಗಿ ಕಾಣುತ್ತದೆ.

ದಾಖಲೆಗಾಗಿ ಮೈಸೂರಿನಲ್ಲೇ ಇರುವ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯನ್ನೂ ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯ ಗ್ರಂಥಾಲಯವನ್ನೂ ನೋಡಬೇಕು. ಪತ್ರಿಕೆಗಳನ್ನು ಹುಡುಕುವಾಗ ಪತ್ರಿಕೆಯ ವಯಸ್ಸನ್ನೂ ನೆನಪಿಡಬೇಕು: 1948ರಲ್ಲಿ ಆರಂಭವಾದ ಪ್ರಜಾವಾಣಿಯಲ್ಲಿ ವಿಠಲ ವಿಹಾರದ ದಿನಗಳ ವರದಿ ಸಿಗುವುದಿಲ್ಲ, ಸಿಕ್ಕರೆ ನೆನಪಿನ ಲೇಖನ ಸಿಗಬಹುದಷ್ಟೆ. ಈಗ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ಬಳಿ ಇರುವ ಕಡತಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವಿದೆ. ‘ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದವರಿಗೆ ಏನೂ ದೊರೆಯುವುದಿಲ್ಲವಾದ್ದರಿಂದ, ಇಂಥ ವರ್ಷದ ಟ್ರಾನ್ಸ್‌ಮಿಟರಿನ ಸಾಮರ್ಥ್ಯ, ಇಂಥ ತಿಂಗಳ ಕಾರ್ಯಕ್ರಮ ಪಟ್ಟಿ ಎಂದು ಸ್ಪಷ್ಟವಾಗಿ ಕೇಳಬೇಕು.

ಹಳೆಯ ಕಾಗದಗಳಲ್ಲಿ ರೇಡಿಯೊ ಮುಳ್ಳಿನ ಮೇಲೆ ನಿಲಯದ ಸ್ಥಾನವು ಕಿಲೋಹರ್ಟ್ಸ್‌ನಲ್ಲಿರದೆ (ಆವರ್ತನ) ಮೀಟರುಗಳಲ್ಲಿರುವುದುಂಟು (ತರಂಗಾಂತರ). 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರು ದೊರೆಯುತ್ತದೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಈ ಲೆಕ್ಕದಲ್ಲಿ ಸುಮಾರು 490 ಮೀಟರು. ಮೀಡಿಯಂ ವೇವ್‌ನ ಸ್ವಭಾವವೂ ತಿಳಿದಿರಬೇಕು. ಹಗಲಿನಲ್ಲಿ ಅದು ನೆಲವನ್ನು ಹಿಡಿದು ಸಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಅಲೆಗಳನ್ನು ಹೀರುತ್ತಿದ್ದ ಅಯಾನುಗೋಳದ (ವಾತಾವರಣದ ಎತ್ತರದಲ್ಲಿರುವ ವಿದ್ಯುದಾವಿಷ್ಟ ಭಾಗದ) ಕೆಳಪದರ ಕರಗುವುದರಿಂದ ಅವು ಮೇಲಿನ ಪದರದಿಂದ ಪ್ರತಿಫಲಿಸಿ ಬಹುದೂರ ಹೋಗುತ್ತವೆ. ಮದ್ದೂರಿನ ಹಿರಿಯರೊಬ್ಬರು ‘ರಾತ್ರಿ ಹೊತ್ತು ಸಿಲೋನು ಚೆನ್ನಾಗಿ ಬರ್ತಿತ್ತು’ ಎಂದು ಶ್ರೀಲಂಕಾದ ರೇಡಿಯೊ ಸಿಲೋನ್ ನಿಲಯವನ್ನು ನೆನೆದರೆ ಅದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಬಾರದು.

ಜಾಹೀರಾತಿನ ವಿಷಯದಲ್ಲಿ ಮಾತ್ರ ನೆನಪುಗಳನ್ನು ಪರೀಕ್ಷಿಸಲೇಬೇಕು. ವಿವಿಧ ಭಾರತಿಯಲ್ಲಿ ವಾಣಿಜ್ಯ ಪ್ರಸಾರ ಶುರುವಾದದ್ದು 1967ರಲ್ಲಿ. ಖಾಸಗಿ ವಾಣಿಜ್ಯ ನಿಲಯಗಳು 2001ರಿಂದ ಬಂದವು, ಅವೂ ಎಫ್.ಎಂ.ನಲ್ಲಿ. ಐವತ್ತರ ದಶಕದಲ್ಲಿ ಹಲ್ಲುಪುಡಿಯ ಜಾಹೀರಾತು ಕೇಳಿದೆವೆನ್ನುವವರು ಬಹುಮಟ್ಟಿಗೆ ರೇಡಿಯೊ ಸಿಲೋನನ್ನು ನೆನೆಯುತ್ತಿರುತ್ತಾರೆ.

ಸಂದರ್ಶನ ಮಾಡುವಾಗ ಇಸವಿಯನ್ನು ಕೇಳಬೇಡಿ, ಘಟನೆಯನ್ನು ಕೇಳಿ. ‘ಯಜಮಾನರೇ, ಅದು ಮಹಾರಾಜರು ತೀರಿಕೊಳ್ಳುವುದಕ್ಕೆ ಮುಂಚೆಯೋ ಆಮೇಲೋ?’ ಎಂಬ ಪ್ರಶ್ನೆ ಮೈಸೂರು, ಮಂಡ್ಯಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜಯಚಾಮರಾಜ ಒಡೆಯರು ನಿಧನರಾದದ್ದು 1974ರ ಸೆಪ್ಟೆಂಬರ್ 23ರಂದು, ಅಂದರೆ ನಿಲಯ ಮರಳಿ ಬರುವುದಕ್ಕೆ ಎರಡು ತಿಂಗಳೂ ಇಲ್ಲದಾಗ. ಹಾಗಾಗಿ ಈ ಒಂದೇ ಪ್ರಶ್ನೆಯಿಂದ ಬೆಂಗಳೂರು ನಿಲಯದ ನೆನಪನ್ನೂ ಮೈಸೂರು ನಿಲಯದ ನೆನಪನ್ನೂ ಬೇರ್ಪಡಿಸಬಹುದು. ಉದ್ಘೋಷಕರನ್ನಷ್ಟೇ ಹುಡುಕಿಕೊಂಡು ಹೋಗದೆ, ಟ್ರಾನ್ಸ್‌ಮಿಟರ್ ನೋಡಿಕೊಂಡ ತಂತ್ರಜ್ಞರನ್ನೂ ರೇಡಿಯೊ ರಿಪೇರಿ ಮಾಡುತ್ತಿದ್ದವರನ್ನೂ ಮಾತನಾಡಿಸಬೇಕು. ಯಾವ ಹಳ್ಳಿಯಲ್ಲಿ ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತೆಂಬುದು ಇವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಚೆ ಕಚೇರಿಯ ಮುದ್ರೆಯಿರುವ ಹಳೆಯ ರೇಡಿಯೊ ಲೈಸೆನ್ಸ್ ಪುಸ್ತಕವಿದ್ದರೆ ಅದರ ಪ್ರತಿ ಪುಟದ ಚಿತ್ರ ತೆಗೆದುಕೊಳ್ಳಿ. ಆ ಮನೆಗೆ ರೇಡಿಯೊ ಬಂದ ವರ್ಷವನ್ನು ಅದಕ್ಕಿಂತ ಖಚಿತವಾಗಿ ಹೇಳುವ ಕಾಗದ ಸಿಗುವುದು ಕಷ್ಟ.

ಮನೆಗಳಲ್ಲಿ ಸಿಗುವ ಸ್ಪೂಲ್ ಟೇಪು, ಕ್ಯಾಸೆಟ್‌ಗಳನ್ನು ಕುತೂಹಲಕ್ಕೆಂದು ಹಳೆಯ ಯಂತ್ರಕ್ಕೆ ಹಾಕಿ ನೋಡಬೇಡಿ. ಬೂಸ್ಟು ಹಿಡಿದ ಟೇಪು ತಿರುಗುವಾಗಲೇ ಹಾಳಾಗಬಹುದು. ತಿಳಿದವರಿಂದ ಶುಚಿಗೊಳಿಸಿ ಒಮ್ಮೆಗೇ ಡಿಜಿಟಲ್ ಪ್ರತಿ ಮಾಡಿಸಬೇಕು. ಡಬ್ಬಿಯ ಮೇಲಿನ ಬರಹವನ್ನು ತಪ್ಪುಗಳ ಸಮೇತ ಇದ್ದಂತೆಯೇ ನಕಲು ಮಾಡಿಕೊಂಡು, ನಿಮ್ಮ ತಿದ್ದುಪಡಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಧ್ವನಿಮುದ್ರಣಕ್ಕೆ ನಮ್ಮ ಕಾಯ್ದೆಯಲ್ಲಿ 60 ವರ್ಷಗಳ ಹಕ್ಕುಸ್ವಾಮ್ಯವಿರುವುದರಿಂದ, ಪ್ರತಿಯನ್ನು ಸಾರ್ವಜನಿಕವಾಗಿ ಕೇಳಿಸುವ ಮುನ್ನ ಲಿಖಿತ ಅನುಮತಿಯನ್ನು ಪಡೆದು ಅದೇ ಕಡತದಲ್ಲಿ ಇರಿಸಬೇಕು.