ಮನೆಯ ರೆಕಾರ್ಡಿಂಗ್‌ಗೆ ಮಿಕ್ಸರ್: ನಾಬ್ ಎಣಿಸಬೇಡಿ, ಯುಎಸ್‌ಬಿಯಲ್ಲಿ ಏನು ಹೋಗುತ್ತದೆ ಕೇಳಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರು ಮೊದಲು ಮಾರುಹೋಗುವುದು ಮಿಕ್ಸರ್‌ನ ನಾಬ್‌ಗಳಿಗೆ. ಪೆಟ್ಟಿಗೆಯ ಮೇಲೆ ‘12 ಚಾನಲ್’, ‘ಯುಎಸ್‌ಬಿ’, ‘ಬ್ಲೂಟೂತ್’ ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಬೆಲೆಯೂ ಕೈಗೆಟುಕುವಂತಿದ್ದರೆ ಕೂಡಲೇ ಕೊಂಡುಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲೂ ಒಳ್ಳೆಯವು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ವೇದಿಕೆಯ ಕೆಲಸಕ್ಕೆ, ಅಂದರೆ ಹಲವು ಧ್ವನಿಗಳನ್ನು ಬೆರೆಸಿ ಸ್ಪೀಕರ್‌ಗೆ ಕಳಿಸುವುದಕ್ಕೆ ರೂಪಿಸಿದವು. ರೆಕಾರ್ಡಿಂಗ್‌ನಲ್ಲಿ ನಮಗೆ ಬೇಕಿರುವುದು ಬಹುಪಾಲು ಅದರ ಉಲ್ಟಾ: ಧ್ವನಿಗಳು ಬೆರೆಯದೆ, ಬೇರೆಬೇರೆಯಾಗಿ ಕಂಪ್ಯೂಟರ್ ಸೇರಬೇಕು.

ಮೊದಲು: ಒಂದೇ ಸಲಕ್ಕೆ ಎಷ್ಟು ಧ್ವನಿ?

ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕ ಹಾಕಿಕೊಳ್ಳಿ. ಹಾಡಿನಲ್ಲಿ ಒಟ್ಟು ಎಷ್ಟು ವಾದ್ಯಗಳಿವೆ ಎಂಬುದು ಮುಖ್ಯವಲ್ಲ. ಒಂದೇ ಹೊತ್ತಿಗೆ ಎಷ್ಟು ಮೈಕ್ ತೆರೆದಿರುತ್ತವೆ ಎಂಬುದಷ್ಟೇ ಮುಖ್ಯ. ಒಬ್ಬರೇ ಕೂತು ಇವತ್ತು ಗಿಟಾರ್, ನಾಳೆ ದನಿ, ಆಮೇಲೆ ಕೀಬೋರ್ಡ್ ಎಂದು ಒಂದರ ಮೇಲೊಂದು ಸೇರಿಸುತ್ತಾ ಹೋಗುವವರಿಗೆ ಎರಡು ಮೈಕ್ ಜಾಗ ಧಾರಾಳ. ನಿಜ ಹೇಳಬೇಕೆಂದರೆ, ಅಂಥವರು ಮಿಕ್ಸರ್ ಬಿಟ್ಟು ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ (ಮೈಕ್‌ನ ಧ್ವನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಪುಟ್ಟ ಪೆಟ್ಟಿಗೆ) ಕೊಂಡರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೂರ್ನಾಲ್ಕು ಮಂದಿ ಒಟ್ಟಿಗೆ ಕೂತು ನುಡಿಸುವುದಿದ್ದರೆ, ಪಾಡ್‌ಕಾಸ್ಟ್‌ಗೆ ಅತಿಥಿಗಳನ್ನು ಕೂರಿಸುವುದಿದ್ದರೆ, ಕೀಬೋರ್ಡ್, ಫೋನ್, ಮೈಕ್ ಎಲ್ಲವನ್ನೂ ಕಿತ್ತು ಚುಚ್ಚುವ ರಗಳೆಯಿಲ್ಲದೆ ಸದಾ ಸಿದ್ಧವಾಗಿಟ್ಟುಕೊಳ್ಳುವುದಿದ್ದರೆ ಮಿಕ್ಸರ್‌ಗೆ ಅರ್ಥವಿದೆ.

ಪೆಟ್ಟಿಗೆಯ ಮೇಲಿನ ಚಾನಲ್ ಸಂಖ್ಯೆಯನ್ನು ಹಾಗೇ ನಂಬಬೇಡಿ. ಉದಾಹರಣೆಗೆ ಯಮಾಹಾ ಎಂಜಿ10ಎಕ್ಸ್‌ಯು ಆರಂಭಿಕರಲ್ಲಿ ಬಹಳ ಮಂದಿ ಕೊಳ್ಳುವ ಗಟ್ಟಿ ಮಿಕ್ಸರ್. ಹೆಸರಿನಲ್ಲಿ 10 ಇದೆ, ಆದರೆ ಮೈಕ್ ಹಾಕಬಹುದಾದ ಜಾಗ 4 ಮಾತ್ರ. ಉಳಿದ ಆರು, ಕೀಬೋರ್ಡ್‌ನಂಥ ಸಾಧನಗಳಿಗಾಗಿ ಇರುವ ಮೂರು ಸ್ಟೀರಿಯೊ ಜೋಡಿಗಳು. ಇದು ಮೋಸವಲ್ಲ, ಹಲವು ಕಂಪನಿಗಳು ಹೀಗೇ ಎಣಿಸುತ್ತವೆ. ನೀವು ಎಣಿಸಬೇಕಾದದ್ದು ಮೈಕ್ ಕೇಬಲ್ ಚುಚ್ಚುವ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತುಗಳನ್ನು.

ಆಮೇಲೆ: ಕೇಬಲ್‌ನಲ್ಲಿ ಏನು ಹೋಗುತ್ತದೆ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಗ್ಗದ ಯುಎಸ್‌ಬಿ ಮಿಕ್ಸರ್‌ಗೆ ನಾಲ್ಕು ಮೈಕ್ ಹಾಕಿದರೂ ಕಂಪ್ಯೂಟರ್‌ಗೆ ಹೋಗುವುದು ಎಡ ಮತ್ತು ಬಲ, ಎರಡೇ ಟ್ರ್ಯಾಕ್. ನಾಲ್ಕೂ ಧ್ವನಿ ಅದರೊಳಗೆ ಬೆರೆತಿರುತ್ತವೆ. ಗಿಟಾರ್ ಜೋರಾಯಿತು, ದನಿ ಕೇಳುತ್ತಿಲ್ಲ ಎಂದು ಮರುದಿನ ಅನ್ನಿಸಿದರೆ ಮಾಡಲು ಏನೂ ಉಳಿದಿರುವುದಿಲ್ಲ, ಎಲ್ಲರೂ ಮತ್ತೆ ಕೂತು ನುಡಿಸಬೇಕು. ಮಿಕ್ಸರ್‌ನ ಎಕೋ ಹಾಕಿಕೊಂಡು ಹಾಡಿದ್ದರೆ ಅದೂ ಒಳಗೇ ಉಳಿಯುತ್ತದೆ. ಹೀಗಾಗಿ ವಿವರಪಟ್ಟಿಯಲ್ಲಿ ‘2 ಇನ್, 2 ಔಟ್’ ಎಂದಿದೆಯೋ ಅಥವಾ ದೊಡ್ಡ ಸಂಖ್ಯೆ ಇದೆಯೋ ನೋಡಿ. ಟ್ಯಾಸ್‌ಕ್ಯಾಮ್ ಮಾಡೆಲ್ 12, ಝೂಮ್ ಲೈವ್‌ಟ್ರ್ಯಾಕ್ ಎಲ್-8 ಇಂಥವು ಪ್ರತಿ ಚಾನಲ್ಲನ್ನೂ ಬೇರೆ ಟ್ರ್ಯಾಕ್ ಆಗಿ ಕಳಿಸುತ್ತವೆ, ಕಂಪ್ಯೂಟರ್ ಇಲ್ಲದೆಯೂ ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಮಾಡುತ್ತವೆ. ಬೆಲೆ ಜಾಸ್ತಿ, ನಿಜ. ಆದರೆ ತಂಡವಾಗಿ ನುಡಿಸುವವರು ಹಣ ಉಳಿಸಬೇಕಾದ ಜಾಗ ಇದಲ್ಲ.

ಎರಡೇ ಟ್ರ್ಯಾಕ್‌ನ ಮಿಕ್ಸರ್ ನಿಮ್ಮ ಬಳಿ ಈಗಾಗಲೇ ಇದ್ದರೆ ಒಂದು ಉಪಾಯವಿದೆ. ದನಿಯ ಚಾನಲ್‌ನಲ್ಲಿ ‘ಪ್ಯಾನ್’ ನಾಬನ್ನು ಪೂರ್ತಿ ಎಡಕ್ಕೆ, ಗಿಟಾರ್‌ನದನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಕೋ ಪೂರ್ತಿ ಇಳಿಸಿ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಇನ್‌ಪುಟ್ 1ನ್ನು ಒಂದು ಮೋನೊ ಟ್ರ್ಯಾಕ್‌ಗೆ, 2ನ್ನು ಇನ್ನೊಂದಕ್ಕೆ ಕೊಡಿ. ಎರಡೂ ಬೇರೆಬೇರೆ ಕೈಗೆ ಸಿಗುತ್ತವೆ. ಇಬ್ಬರು ಕೂತು ಹಾಡಿ ನುಡಿಸಲು ಇಷ್ಟು ಸಾಕು.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು: ‘ಕಂಪ್ಯೂಟರ್‌ನಿಂದ ಮರಳಿ ಬರುವ ಧ್ವನಿಯನ್ನು ಹೆಡ್‌ಫೋನ್‌ಗೆ ಮಾತ್ರ ಕಳಿಸಬಹುದೇ?’ ನಿನ್ನೆಯ ಗಿಟಾರ್ ಟ್ರ್ಯಾಕ್ ಕೇಳುತ್ತಾ ಇವತ್ತು ಹಾಡುತ್ತೀರಿ ಎಂದುಕೊಳ್ಳಿ. ಮರಳಿ ಬಂದ ಗಿಟಾರ್ ಮುಖ್ಯ ಮಿಕ್ಸ್‌ಗೇ ಸೇರುವಂತಿದ್ದರೆ ಅದು ದನಿಯ ಜೊತೆ ಮತ್ತೆ ಕಂಪ್ಯೂಟರ್‌ಗೆ ಹೋಗಿ ರೆಕಾರ್ಡ್ ಆಗುತ್ತದೆ. ದನಿಯ ಟ್ರ್ಯಾಕ್ ಒಂದನ್ನೇ ಕೇಳಿದರೂ ಹಿಂದೆ ಗಿಟಾರ್ ಕೇಳಿಸುತ್ತದೆ, ಅದನ್ನು ತೆಗೆಯಲಾಗುವುದಿಲ್ಲ. ಇದನ್ನು ತಪ್ಪಿಸುವ ಪುಟ್ಟ ಸ್ವಿಚ್ ಕೆಲವು ಮಿಕ್ಸರ್‌ಗಳಲ್ಲಿದೆ, ಕೆಲವದರಲ್ಲಿ ಇಲ್ಲ. ಒಂದರ ಮೇಲೊಂದು ಟ್ರ್ಯಾಕ್ ಸೇರಿಸುವವರಿಗೆ ಈ ಸ್ವಿಚ್ ಹತ್ತು ಬಗೆಯ ಎಫೆಕ್ಟ್‌ಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಮೈಕ್‌ಗೆ ಬೇಕಾದ ಬಲ

ಕಂಡೆನ್ಸರ್ ಮೈಕ್ ಇದ್ದರೆ ಸಾಮಾನ್ಯವಾಗಿ 48 ವೋಲ್ಟ್‌ನ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ ವಿದ್ಯುತ್, ಬೇಕಾಗುತ್ತದೆ. ಹೆಸರಿಲ್ಲದ ತೀರಾ ಅಗ್ಗದ ಮಿಕ್ಸರ್‌ಗಳಲ್ಲಿ 48 ಎಂದು ಬರೆದಿದ್ದರೂ ಅಷ್ಟು ವೋಲ್ಟೇಜ್ ಬಾರದಿರುವುದುಂಟು. ಹೊರಗಿನ ವಿದ್ಯುತ್ ಇಲ್ಲದೆ ನಡೆಯುವ ಡೈನಮಿಕ್ ಮೈಕ್‌ಗೆ ಫ್ಯಾಂಟಮ್ ಬೇಡ, ಬದಲಿಗೆ ಗೇನ್ (ಮೈಕ್‌ನಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಬಲ) ಹೆಚ್ಚು ಬೇಕು. ಶೂರ್ ಎಸ್‌ಎಂ7ಬಿಯಂಥ ಮೈಕ್‌ಗೆ ಕನಿಷ್ಠ 60 ಡೆಸಿಬೆಲ್ ಗೇನ್ ಇರಲಿ ಎಂದು ಅದರ ತಯಾರಕರೇ ಹೇಳುತ್ತಾರೆ. ಮಿಕ್ಸರ್‌ನ ಗೇನ್ ಅಲ್ಲಿಗೇ ಮುಗಿದರೆ, ಕೊನೆಯ ಗೆರೆಯವರೆಗೆ ತಿರುಗಿಸುವಾಗ ‘ಸ್ಸ್’ ಎಂಬ ಸದ್ದು ಜೊತೆಗೇ ಏರುತ್ತದೆ.

ಎಲೆಕ್ಟ್ರಿಕ್ ಗಿಟಾರ್ ನೇರ ಹಾಕುವವರು ‘ಹೈ-ಝೀ’ (Hi-Z) ಎಂದು ಗುರುತಿರುವ ಜ್ಯಾಕ್ ಇದೆಯೇ ನೋಡಿ. ಕೀಬೋರ್ಡ್‌ನಂಥವಕ್ಕೆ ಇರುವ ಸಾಮಾನ್ಯ ಲೈನ್ ಜ್ಯಾಕ್‌ಗೆ ಹಾಕಿದರೆ ಗಿಟಾರ್ ಮಂಕಾಗಿ ಕೇಳುತ್ತದೆ.

ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದು ದಾಖಲಿಸುತ್ತದೆ ಎಂಬುದನ್ನು ಬಿಟ್‌ನಲ್ಲಿ ಹೇಳುತ್ತಾರೆ; ರೆಕಾರ್ಡಿಂಗ್ 24 ಬಿಟ್ ಇದ್ದರೆ ಒಳ್ಳೆಯದು, ಅಗ್ಗದ ಕೆಲವು 16 ಬಿಟ್‌ಗೇ ನಿಲ್ಲುತ್ತವೆ. ಬ್ಲೂಟೂತ್, ಎಫೆಕ್ಟ್‌ಗಳ ಸಂಖ್ಯೆ, ಬಣ್ಣದ ದೀಪ ಇವಕ್ಕೆ ಒಂದು ಕಾಸೂ ಹೆಚ್ಚು ಕೊಡಬೇಡಿ. ಎಫೆಕ್ಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಮೇಲೆ ಹಾಕಬಹುದು, ಬೇಡವಾದರೆ ತೆಗೆಯಲೂಬಹುದು.

ಕೊಳ್ಳುವ ಮುನ್ನ ಕಿವಿಗೊಟ್ಟು ಕೇಳಿ

ನಿಮ್ಮದೇ ಮೈಕ್ ಮತ್ತು ಹೆಡ್‌ಫೋನ್ ಒಯ್ಯಿರಿ. ಮಾತನಾಡುತ್ತಾ ಗೇನ್ ಸರಿಮಾಡಿಕೊಳ್ಳಿ, ಬಳಿಕ ಸುಮ್ಮನಾಗಿ. ಆ ಮೌನದಲ್ಲಿ ಎಷ್ಟು ಸದ್ದಿದೆಯೋ ಅಷ್ಟೂ ನಿಮ್ಮ ಎಲ್ಲ ರೆಕಾರ್ಡಿಂಗ್‌ಗಳಲ್ಲೂ ಇರುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ನಾಬ್, ಪ್ರತಿ ಫೇಡರ್‌ (ಧ್ವನಿಯ ಮಟ್ಟ ಏರಿಳಿಸುವ ಜಾರುಗುಂಡಿ) ಅನ್ನೂ ಅತ್ತಿತ್ತ ಆಡಿಸಿ ನೋಡಿ. ಕರಕರ ಅಂದರೆ ಒಳಗೆ ಧೂಳೋ ಸವೆತವೋ ಇದೆ ಎಂದರ್ಥ. ಮೂಲ ಅಡಾಪ್ಟರ್ ಜೊತೆಗಿರಲೇಬೇಕು. ಕೆಲವು ಮಿಕ್ಸರ್‌ಗಳ ಅಡಾಪ್ಟರ್ ಡಿಸಿ ಅಲ್ಲ, ಎಸಿ ಕೊಡುವಂಥದ್ದು. ಬೇರೆಯದು ಹೊಂದುವುದಿಲ್ಲ, ಬದಲಿ ಹುಡುಕುವುದೂ ಕಷ್ಟ. ಯುಎಸ್‌ಬಿ ಇರುವುದಾದರೆ ನಿಮ್ಮ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್‌ನ ಈಗಿನ ಆವೃತ್ತಿಗೆ ಡ್ರೈವರ್ (ಮಿಕ್ಸರನ್ನು ಕಂಪ್ಯೂಟರ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಸಿಗುತ್ತದೆಯೇ ಎಂದು ತಯಾರಕರ ತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಮನೆಗೆ ತಂದ ದಿನ

ಫೇಡರ್‌ಗಳನ್ನೆಲ್ಲ ಕೆಳಗಿಳಿಸಿ, ಮೈಕ್ ಚುಚ್ಚಿ, ಆಮೇಲೆ ಫ್ಯಾಂಟಮ್ ಹಾಕಿ. ಕ್ರಮ ತಪ್ಪಿದರೆ ಹೆಡ್‌ಫೋನ್‌ನಲ್ಲಿ ‘ಢಪ್’ ಎಂದು ಕಿವಿಗೆ ಬಡಿಯುತ್ತದೆ. ಚಾನಲ್ ಮತ್ತು ಮುಖ್ಯ ಫೇಡರ್‌ ಎರಡನ್ನೂ 0 ಗುರುತಿಗೆ ತನ್ನಿ. ಈಗ ಹಾಡಿನ ಅತಿ ಜೋರಾದ ಸಾಲನ್ನು ನಿಜವಾಗಿ ಹಾಡುವಷ್ಟೇ ಜೋರಾಗಿ ಹಾಡುತ್ತಾ ಗೇನ್ ಏರಿಸಿ. ಸಾಫ್ಟ್‌ವೇರ್‌ನ ಮೀಟರ್ −12 ಡೆಸಿಬೆಲ್‌ನ ಆಸುಪಾಸು ಮುಟ್ಟಿದರೆ ನಿಲ್ಲಿಸಿ. ಕೆಂಪು ದೀಪ ಒಮ್ಮೆಯೂ ಹೊತ್ತಬಾರದು, ಅಲ್ಲಿ ಸೀಳಿದ ದನಿ ಮತ್ತೆ ಮೊದಲಿನಂತಾಗುವುದಿಲ್ಲ.

ಹಾಡುವಾಗ ನಿಮ್ಮ ದನಿಯನ್ನು ಮಿಕ್ಸರ್‌ನಿಂದಲೇ ಕೇಳಿಸಿಕೊಳ್ಳಿ, ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ (ರೆಕಾರ್ಡ್ ಆಗುತ್ತಿರುವುದನ್ನು ಕೇಳಿಸುವ ಆಯ್ಕೆ) ನಿಲ್ಲಿಸಿಬಿಡಿ. ಕಂಪ್ಯೂಟರ್ ಹಾದು ಬರುವ ಧ್ವನಿ ತಡವಾಗುತ್ತದೆ. 48,000 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ಧ್ವನಿಯ ತುಣುಕು) ಇಟ್ಟರೆ ಹೋಗಲು 5 ಮಿಲಿಸೆಕೆಂಡ್, ಬರಲು ಮತ್ತೆ 5 ದಾಟುತ್ತದೆ. ತಾಳ ತಪ್ಪಿಸಲು ಕೆಲವರಿಗೆ ಅಷ್ಟೇ ಸಾಕು. ಧ್ವನಿಯನ್ನು ಅಂಕಿಗಳಾಗಿ ಬದಲಿಸದೆ ನೇರ ಹಾಯಿಸುವ ಅನಲಾಗ್ ಮಿಕ್ಸರ್‌ನಲ್ಲಿ ಈ ತಡವೇ ಇಲ್ಲ. ಅನಲಾಗ್ ಮಿಕ್ಸರ್ ಕೊಂಡವರಿಗೆ ಸಿಗುವ ದೊಡ್ಡ ಲಾಭ ಇದು.

ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸದ್ದು ಬಂದರೆ ಮಿಕ್ಸರನ್ನು ದೂರುವ ಮುನ್ನ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ಅಲ್ಲಿಗೇ ನಿಂತರೆ ಸಮಸ್ಯೆ ಅರ್ತಿಂಗ್‌ನದ್ದು. ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಅದು ಕಡಿಮೆಯಾಗುತ್ತದೆ, ಆಗದಿದ್ದರೆ ರೆಕಾರ್ಡಿಂಗ್ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ.