ಎರಡು ಲಕ್ಷ ಕಿ.ಮೀ. ಹತ್ತಿರ ಬಂದರೂ ಎರಡೂ ಬ್ಯಾಟರಿ ಗಟ್ಟಿ

2022ರ ಕೊನೆಗೆ ಒಂದು ಎಲೆಕ್ಟ್ರಿಕ್ ಕಾರು, ಒಂದು ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಇರುವುದು) ಒಟ್ಟಿಗೇ ತಗೊಂಡಾಗ ಮೈಸೂರಿನ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೂ ಮೆಚ್ಚಲಿಲ್ಲ. "ಮೂರು ವರ್ಷಕ್ಕೆ ಬ್ಯಾಟರಿ ಕೈಕೊಡುತ್ತೆ, ಆಮೇಲೆ ಗುಜರಿಯವನೂ ಮುಟ್ಟಲ್ಲ ಕಣಣ್ಣ" ಅಂದರು. ಇವತ್ತು ಎಲೆಕ್ಟ್ರಿಕ್ 1.75 ಲಕ್ಷ ಕಿ.ಮೀ. ಹತ್ತಿರ ಇದೆ, ಹೈಬ್ರಿಡ್ 2 ಲಕ್ಷ ದಾಟಿದೆ. ಎರಡರಲ್ಲೂ ದೊಡ್ಡ ಬ್ಯಾಟರಿ ಶೋರೂಮಿನಿಂದ ಬಂದದ್ದೇ.

ಎರಡಕ್ಕೂ ಮುಖ್ಯ ಕೆಲಸ ಒಂದೇ, ಬೆಂಗಳೂರು ಏರ್‌ಪೋರ್ಟ್ ಟ್ರಿಪ್. ತಿಂಗಳಿಗೊಮ್ಮೆ ಡ್ರೈವರ್‌ಗಳನ್ನು ಅದಲು ಬದಲು ಮಾಡುತ್ತೇನೆ. ಇಲ್ಲದಿದ್ದರೆ ಕೆಟ್ಟದ್ದು ಗಾಡಿಯಿಂದಲೋ ಕಾಲಿನಿಂದಲೋ ಗೊತ್ತಾಗಲ್ಲ.

ಮೊದಲ ಪೆಟ್ಟು ಬಿದ್ದದ್ದು ಚನ್ನಪಟ್ಟಣದ ಹತ್ತಿರ, ರಾತ್ರಿ ಎರಡು ಗಂಟೆಗೆ. ಎಲೆಕ್ಟ್ರಿಕ್‌ನಲ್ಲಿ ಚಾರ್ಜ್ 60% ಇತ್ತು, ಆದರೂ ಗಾಡಿ ಸತ್ತ ಹಾಗೆ ನಿಂತಿತು. ಡಿಕ್ಕಿ ಕೂಡ ತೆಗೆಯಲಿಲ್ಲ, ಒಳಗೆ ಪ್ಯಾಸೆಂಜರ್ ಲಗೇಜು. ಬೇರೆ ಗಾಡಿ ಕರೆಸಿ ಕಳಿಸಿದ್ದಕ್ಕೆ ಆರು ಸಾವಿರ ಹೋಯಿತು. ಸರ್ವೀಸಿನವರು ದೊಡ್ಡ ಬ್ಯಾಟರಿಯಿಂದ ಚಿಕ್ಕ ಬ್ಯಾಟರಿಗೆ ಕರೆಂಟ್ ಕೊಡುವ ಕನ್ವರ್ಟರ್ ಹೋಗಿದೆ, ನಲವತ್ತು ಸಾವಿರ ಅಂದರು. ನಾನು ಒಪ್ಪಲಿಲ್ಲ. ಲಾಕು, ಲೈಟು, ಕಂಪ್ಯೂಟರ್ ನಡೆಸುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಹೊಸದು ಹಾಕಿಸಿದೆ, ಐದೂವರೆ ಸಾವಿರ. ಅಷ್ಟೇ ಆಗಿದ್ದದ್ದು. ಈಗ ಎರಡೂ ಗಾಡಿಗೆ ಚೆನ್ನಾಗಿದ್ದರೂ ಎರಡು ವರ್ಷಕ್ಕೆ ಹೊಸದು ಹಾಕುತ್ತೇನೆ.

ಹೈಬ್ರಿಡ್‌ನದು ಇನ್ನೊಂದು ಕಥೆ. ಸುಮಾರು 90 ಸಾವಿರ ಕಿ.ಮೀ.ಗೆ ಬ್ಯಾಟರಿಯ ವಾರ್ನಿಂಗ್ ಲೈಟ್ ಬಂತು. ಒಬ್ಬರು ಇಡೀ ಬ್ಯಾಟರಿಯೇ ಬದಲಿಸಿ ಅಂದರು. ಮನೆಗೆ ತಂದು ಹಿಂದಿನ ಸೀಟಿನ ಪಕ್ಕದಲ್ಲಿ, ಬ್ಯಾಟರಿ ತಣ್ಣಗಿಡುವ ಫ್ಯಾನಿನ ಗಾಳಿ ಜಾಲರಿ ಬಿಚ್ಚಿದೆ. ಕಂಬಳಿಯ ನೂಲು, ಕೂದಲು, ಧೂಳು ಸೇರಿ ಬೆರಳು ದಪ್ಪ ಕಟ್ಟಿತ್ತು. ಫ್ಯಾನಿಗೆ ಉಸಿರೇ ಇರಲಿಲ್ಲ. ಬ್ರಷ್ಷಿನಲ್ಲಿ ಕ್ಲೀನ್ ಮಾಡಿ ಗಾಡಿ ಕಂಪ್ಯೂಟರಿನ ದೋಷದ ಕೋಡ್ ಅಳಿಸಿದೆ, ಲೈಟ್ ಇವತ್ತಿನವರೆಗೆ ಬಂದಿಲ್ಲ. ಈಗ ತಿಂಗಳಿಗೊಮ್ಮೆ ಜಾಲರಿ ಬಿಚ್ಚುತ್ತೇವೆ. ಆ ಸೀಟಿನ ಮೇಲೆ ಬ್ಯಾಗ್ ಒರಗಿಸಲು ಬಿಡುವುದಿಲ್ಲ.

ಎಲೆಕ್ಟ್ರಿಕ್ ಬ್ಯಾಟರಿಯ ತಾಕತ್ತು ನೋಡಲು ನನ್ನ ಲೆಕ್ಕ ಸುಲಭ. ಮನೆಯಲ್ಲಿ 15ರಿಂದ 100% ವರೆಗೆ ಚಾರ್ಜ್ ಹಾಕಿ, ಎಷ್ಟು ಕರೆಂಟ್ ಎಳೆಯಿತು ಅಂತ ಸಬ್‌ಮೀಟರ್ ನೋಡುತ್ತೇನೆ. ಹೊಸದರಲ್ಲಿ 37-38 ಯೂನಿಟ್ ಎಳೆಯುತ್ತಿತ್ತು, ಈಗ 34-35. ಇಷ್ಟು ಓಡಿದ್ದಕ್ಕೆ ಅದು ಒಳ್ಳೆಯ ಲೆಕ್ಕ ಅಲ್ವಾ? ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಆದ್ದರಿಂದ, ಚಾರ್ಜ್ ಎಷ್ಟಿದೆ ಅಂತ ಗಾಡಿ ಸರಿಯಾಗಿ ತೋರಿಸಲಿ ಅಂತ ವಾರಕ್ಕೊಮ್ಮೆ ನಿಧಾನವಾಗಿ 100ರವರೆಗೆ ತುಂಬುತ್ತೇವೆ. ದಾರಿಯಲ್ಲಿ ಫಾಸ್ಟ್ ಚಾರ್ಜ್ ಮಾತ್ರ 80ಕ್ಕೆ ನಿಲ್ಲಿಸುತ್ತೇವೆ. ಮದ್ದೂರಿನಲ್ಲಿ ವಡೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತದೆ. ಬಿಸಿ ಬ್ಯಾಟರಿಗೆ ಚಾರ್ಜ್ ಹಾಕುವ ಮೊದಲು ನಾನು ಮಾಡುವ ಒಂದು ಕೆಲಸ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಎಲೆಕ್ಟ್ರಿಕ್‌ಗೆ ಮಡಿಕೇರಿಯಲ್ಲಿ 100 ತುಂಬಿಸಿ ಸಂಪಾಜೆ ಘಾಟಿ ಇಳಿಸಿದೆ. ರೀಜೆನ್ ಅಂದರೆ ಮೋಟರೇ ಗಾಡಿಯ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟ್ ತುಂಬುವುದು; ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಜಾಗವೇ ಇಲ್ಲ, ನಾಲ್ಕು ತಿರುವಿಗೇ ಬ್ರೇಕ್ ವಾಸನೆ. ಮುಂದಿನ ಸಲ 85ಕ್ಕೆ ನಿಲ್ಲಿಸಿದೆ, ಬ್ರೇಕ್ ಮುಟ್ಟಿದ್ದೇ ಕಡಿಮೆ. ಅದೇ ಘಾಟಿಯಲ್ಲಿ ಹೈಬ್ರಿಡ್‌ನ ಪುಟ್ಟ ಬ್ಯಾಟರಿ ಕೆಲವೇ ಕಿಲೋಮೀಟರಿಗೆ ತುಂಬಿ, ಎಂಜಿನ್ ತಾನೇ ಗುಂಯ್ ಅಂತ ತಿರುಗತೊಡಗಿತು. ಡ್ರೈವರ್ ಹೆದರಿ ಫೋನ್ ಮಾಡಿದ. ಅದು ಕೆಟ್ಟದ್ದಲ್ಲ, ಎಂಜಿನ್ನೇ ಗಾಡಿ ಹಿಡಿಯುತ್ತಿದೆ ಅಂತ ಹೇಳಿದೆ.

ಎರಡರಲ್ಲೂ ಬ್ರೇಕ್ ಪ್ಯಾಡ್ ಲಕ್ಷ ಕಿ.ಮೀ. ದಾಟಿತು. ಆದರೆ ಬಳಸದೆ, ಮಳೆಗಾಲದಲ್ಲಿ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ) ಪಿನ್ ಹಿಡಿದುಕೊಂಡಿತು. ಈಗ 20 ಸಾವಿರ ಕಿ.ಮೀ.ಗೊಮ್ಮೆ ಬಿಚ್ಚಿ ಗ್ರೀಸ್. ಯಾವ ಗ್ರೀಸ್ ಅಂತ ನಮ್ಮ ಮೆಕ್ಯಾನಿಕ್‌ಗೂ ಹೇಳಿಲ್ಲ. ಟೈರ್ ಎಲೆಕ್ಟ್ರಿಕ್‌ನಲ್ಲಿ 40 ಸಾವಿರ ಕಿ.ಮೀ. ಬರುತ್ತೆ, ಹೈಬ್ರಿಡ್‌ನಲ್ಲಿ 55 ಸಾವಿರ.

ಟೈರ್ ಬಿಟ್ಟು ಇಲ್ಲಿಯವರೆಗಿನ ರಿಪೇರಿ, ಸರ್ವೀಸ್ ನೆನಪಿನ ಮೇಲೆ ಹೇಳುತ್ತೇನೆ: ಎಲೆಕ್ಟ್ರಿಕ್‌ಗೆ 70 ಸಾವಿರ, ಹೈಬ್ರಿಡ್‌ಗೆ ಒಂದೂವರೆ ಲಕ್ಷ. ಆದರೆ ಎಲೆಕ್ಟ್ರಿಕ್‌ನ ಎ.ಸಿ. ಕಂಪ್ರೆಸರ್ ಹೋದಾಗ ಪಾರ್ಟ್ ಬರಲು ಹನ್ನೊಂದು ದಿನ ಕಾದೆ. ಆ ಹನ್ನೊಂದು ದಿನದ ಬಾಡಿಗೆ ಕೂಡಿಸಿದರೆ ಅಂತರ ಅರ್ಧಕ್ಕೆ ಇಳಿಯುತ್ತದೆ. ಹೈಬ್ರಿಡ್ ಆಗಾಗ ಕಿರಿಕಿರಿ ಮಾಡಿತು, ಒಂದು ದಿನಕ್ಕಿಂತ ಜಾಸ್ತಿ ಮಾತ್ರ ನಿಂತಿಲ್ಲ.

ಮೂರನೇ ಗಾಡಿ ಎಲೆಕ್ಟ್ರಿಕ್ಕೇ ತಗೊಳ್ಳುತ್ತಿದ್ದೇನೆ. ಹೈಬ್ರಿಡ್ ಮಾರುವುದಿಲ್ಲ, ಘಾಟಿ ಟ್ರಿಪ್‌ಗೆ ಅದೇ ಇರಲಿ. ಗುಜರಿ ಮಾತು ಆಡಿದ್ದವನೇ ಹೋದ ವಾರ ಮನೆಗೆ ಬಂದು ಸಬ್‌ಮೀಟರ್ ಫೋಟೋ ತೆಗೆದುಕೊಂಡು ಹೋದ.